ಕೊಂದ ಮೇಲೆ ಯಾರ ಮುಂದೆ ನಿಲ್ಲೋದು?

ಉತ್ತರ ಕನ್ನಡದಲ್ಲಿ ಹುಟ್ಟಿ ಬೆಳೆದವರಿಗೆ ಸೂಪರ್‌ಹೀರೋ ಅಂದರೆ ಹೊಸದೇನೂ ಅಲ್ಲ. ಹೆಸರು ಮರೆಸಿಕೊಂಡು ಹಗಲು ಒಂದು ಕೆಲಸ, ರಾತ್ರಿ ಇನ್ನೊಂದು ಕೆಲಸ ಮಾಡುವವನನ್ನು ನಾವು ಇಂಗ್ಲಿಷ್ ಸಿನಿಮಾ ನೋಡುವುದಕ್ಕೆ ಎಷ್ಟೋ ಮೊದಲೇ ನೋಡಿದ್ದೇವೆ. ಹಗಲು ವಿರಾಟರಾಜನ ಅಡುಗೆಮನೆಯಲ್ಲಿ ವಲಲ ಎಂಬ ಬಾಣಸಿಗ. ರಾತ್ರಿ ನಾಟ್ಯಶಾಲೆಯ ಕತ್ತಲಲ್ಲಿ ಭೀಮ. ಬೆನ್ನಿಗೆ ಹಾರುವ ಬಟ್ಟೆ ಒಂದಿಲ್ಲ, ಅಷ್ಟೇ.

ಆದರೆ ಒಂದು ವಿಷಯದಲ್ಲಿ ನಮ್ಮ ಯಕ್ಷಗಾನದ ಆಟಕ್ಕೂ ಆ ಸಿನಿಮಾಗಳಿಗೂ ತುಂಬ ವ್ಯತ್ಯಾಸ ಇದೆ. ಕೀಚಕವಧೆ ಇದೆ ಅಂದರೆ ನಮ್ಮ ಕಡೆ ಜನ ಭೀಮನನ್ನು ನೋಡಲು ಹೋಗುವುದಿಲ್ಲ. ಹೋಗುವುದು ಕೀಚಕನಿಗಾಗಿ. 'ಇವತ್ತು ಕೀಚಕ ಯಾರದ್ದು?' ಅಂತಲೇ ಕೇಳುವುದು. ಹೊನ್ನಾವರ ಕಡೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಈ ಪಾತ್ರದಿಂದಲೇ ಮನೆಮಾತಾದವರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ಸೈರಂಧ್ರಿ ಎಂಬ ಹೆಸರಲ್ಲಿದ್ದ ದ್ರೌಪದಿಯನ್ನು ಮೊದಲ ಸಲ ಕಂಡಾಗ ಅವರ ಕೀಚಕನ ಕಣ್ಣು, ಹುಬ್ಬು, ಹೆಗಲು ಒಂದೊಂದಾಗಿ ಕುಣಿಯಲು ಶುರುಮಾಡುತ್ತಿದ್ದವು. ಭಾಗವತರು ಪದವನ್ನು ಎಳೆದಷ್ಟೂ ಅವರಿಗೆ ಖುಷಿ. ಈ ಮನುಷ್ಯ ಲಂಪಟ, ಬೆಳಗಾಗುವುದರೊಳಗೆ ಸಾಯುತ್ತಾನೆ ಅಂತ ಎದುರು ಕೂತ ಎಲ್ಲರಿಗೂ ಗೊತ್ತು. ಸಾಯಲೇಬೇಕು ಅಂತಲೂ ಗೊತ್ತು. ಆದರೂ ಸಾಯುವ ಹೊತ್ತಿಗೆ ಅವನು ನಮಗೆ ಪರಿಚಯದವನಾಗಿ ಬಿಟ್ಟಿರುತ್ತಾನೆ.

ಸೂಪರ್‌ಹೀರೋ ಸಿನಿಮಾದಲ್ಲಿ ಸಾಯುವವರಿಗೆ ಮುಖವೇ ಇರುವುದಿಲ್ಲ. ಮುಖ್ಯ ಖಳನಿಗೆ ಇರುತ್ತದೆ, ಬಿಡಿ. ಉಳಿದವರಿಗೆ? 2012ರ ಅವೆಂಜರ್ಸ್ ಸಿನಿಮಾದಲ್ಲಿ ನ್ಯೂಯಾರ್ಕಿನ ಆಕಾಶದಲ್ಲಿ ಒಂದು ತೂತು ಬಿದ್ದು ಬೇರೆ ಲೋಕದ ಸೈನ್ಯ ಇಳಿಯುತ್ತದೆ. 2015ರ ಇನ್ನೊಂದು ಸಿನಿಮಾದಲ್ಲಿ ಬರುವುದು ರೋಬೋಟ್‌ಗಳ ಸೈನ್ಯ. ಎಷ್ಟು ಬೇಕಾದರೂ ಕೊಚ್ಚಬಹುದು, ರಕ್ತ ಬರುವುದಿಲ್ಲ, ಅಳುವವರು ಯಾರೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ಆರಾಮಾಗಿ ಪಾಪ್‌ಕಾರ್ನ್ ತಿನ್ನುತ್ತಾ ನೋಡಬಹುದು.

ಅಕ್ಕನ ಮಗ ರಜೆಗೆ ಸಿದ್ದಾಪುರದಿಂದ ಕಾರವಾರಕ್ಕೆ ಬಂದಾಗ ನಮ್ಮಿಬ್ಬರದ್ದೂ ಇದೇ ಕೆಲಸ. ಊಟ ಮುಗಿದ ಮೇಲೆ ಒಂದು ಸಿನಿಮಾ. ಅದರಲ್ಲಿ ಒಬ್ಬ ಹೀರೋ ಒಂದು ಕಟ್ಟಡಕ್ಕೆ ನುಗ್ಗಿ, ಕಾವಲಿಗೆ ನಿಂತ ಹತ್ತಿಪ್ಪತ್ತು ಜನರನ್ನು ಹೊಡೆದುಹಾಕಿ, ಏನೂ ಆಗದವನ ಹಾಗೆ ಹೊರಗೆ ಬಂದ. ನಮ್ಮ ಕಡೆ ಹುಡುಗನಿಗೆ ಮಾಣಿ ಅನ್ನುವುದು. ಮಾಣಿ ಕೇಳಿದ, "ಮಾವ, ಅಂವ ಇಷ್ಟ್ ಜನರನ್ನ ಹೊಡ್ದು ಹಾಕಿದ್ನಲ, ಪೊಲೀಸ್ರು ಎಂತೂ ಕೇಳ್ತ್ವಿಲ್ಯಾ?"

"ಅಂವ ಹೀರೋ ಅಲ್ದನಾ" ಅಂದೆ.

"ಹೀರೋ ಆದ್ರೆಂತಾ?"

ಸೂಪರ್‌ಹೀರೋ ಕೊಲ್ಲಬಹುದಾ, ಕೊಲ್ಲಬಾರದಾ ಅನ್ನುವ ವಾದ ಬೇಕಾದಷ್ಟು ನಡೆದಿದೆ. ಬ್ಯಾಟ್‌ಮ್ಯಾನ್ ಕೊಲ್ಲಬಾರದು ಅನ್ನುವವರು ಒಂದು ಕಡೆ, ಅವನ ವೈರಿ ಆ ಜೋಕರನ ಕತೆ ಒಂದೇ ಸಲ ಮುಗಿಸಬಾರದಿತ್ತಾ ಅನ್ನುವವರು ಇನ್ನೊಂದು ಕಡೆ. ಮಾಣಿ ಕೇಳಿದ್ದು ಬೇರೆ ಪ್ರಶ್ನೆ. ಕೊಂದದ್ದು ಸರಿಯೇ ಇರಬಹುದು. ಆದರೆ ಆಮೇಲೆ ಯಾರಾದರೂ ಅವನನ್ನು ನಿಲ್ಲಿಸಿ 'ಯಾಕೆ ಕೊಂದೆ?' ಅಂತ ಕೇಳುತ್ತಾರಾ? ಕೇಳಿದರೆ ಅವನು ನಿಂತು ಉತ್ತರ ಹೇಳುತ್ತಾನಾ? ನನಗೆ ಈ ಪ್ರಶ್ನೆಯೇ ಮೊದಲಿನದಕ್ಕಿಂತ ದೊಡ್ಡದು ಅನ್ನಿಸುತ್ತದೆ.

ಸೂಪರ್‌ಹೀರೋಗಳ ಮೊದಲ ಕತೆಯಲ್ಲೇ ಈ ಪ್ರಶ್ನೆಗೆ ಒಂದು ಚಂದದ ಉತ್ತರ ಇದೆ, ಆಮೇಲೆ ಬಂದವರು ಅದನ್ನು ಮರೆತರು. 1938ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಇಬ್ಬರು ಗೆಳೆಯರು, ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್, ಸೂಪರ್‌ಮ್ಯಾನ್ ಎಂಬವನನ್ನು ಕಾಮಿಕ್ಸ್‌ಗೆ ತಂದರು. ಮುಖಪುಟದಲ್ಲಿ ಅವನು ಕಾರನ್ನೇ ಎತ್ತಿ ಹಿಡಿದಿದ್ದಾನೆ. ಎಲ್ಲರಿಗೂ ನೆನಪಿರುವುದು ಆ ಚಿತ್ರ. ಒಳಗೆ ಅವನು ಮಾಡುವ ಮೊದಲ ಕೆಲಸ ಏನು ಗೊತ್ತಾ? ಮಾಡದ ಕೊಲೆಗಾಗಿ ಒಬ್ಬ ಹೆಂಗಸಿಗೆ ಮರಣದಂಡನೆ ಆಗಿರುತ್ತದೆ. ಇನ್ನೇನು ಸಮಯ ಆಯಿತು ಅನ್ನುವಾಗ ಇವನು ರಾತ್ರೋರಾತ್ರಿ ರಾಜ್ಯಪಾಲನ ಮನೆಗೆ ನುಗ್ಗುತ್ತಾನೆ. ಮಲಗುವ ಕೋಣೆಯ ಉಕ್ಕಿನ ಬಾಗಿಲನ್ನು ಕಿತ್ತು ಒಳಗೆ ಹೋಗಿ, ಆಕೆ ನಿರಪರಾಧಿ ಎಂಬ ಸಾಕ್ಷ್ಯವನ್ನು ಅವನ ಮುಂದೆ ಇಡುತ್ತಾನೆ. ರಾಜ್ಯಪಾಲ ಫೋನ್ ಮಾಡಿ ಶಿಕ್ಷೆ ನಿಲ್ಲಿಸುತ್ತಾನೆ.

ಉಕ್ಕಿನ ಬಾಗಿಲು ಕಿತ್ತವನಿಗೆ ಜೈಲಿನ ಗೋಡೆ ಯಾವ ಲೆಕ್ಕ? ನೇರವಾಗಿ ಜೈಲು ಒಡೆದು ಆಕೆಯನ್ನು ಎತ್ತಿಕೊಂಡು ಹಾರಬಹುದಿತ್ತು. ಹಾರಲಿಲ್ಲ. ಹೋಗಿದ್ದು ಸಹಿ ಹಾಕುವ ಅಧಿಕಾರ ಇದ್ದವನ ಹತ್ತಿರ. ಬಾಗಿಲು ಮುರಿದಿದ್ದು ಅಪರಾಧವೇ, ಒಪ್ಪೋಣ. ಆದರೆ ಕೊನೆಯ ಮಾತನ್ನು ಅವನು ತಾನು ಆಡಲಿಲ್ಲ, ರಾಜ್ಯಪಾಲನಿಗೆ ಬಿಟ್ಟ. ಮೊದಲ ಸೂಪರ್‌ಹೀರೋ ತನ್ನ ಮೊದಲ ಕತೆಯಲ್ಲಿ ಮಾಡಿದ್ದು ಸರ್ಕಾರದ ಕೈಯಿಂದಲೇ ಆಗಬಹುದಾಗಿದ್ದ ಒಂದು ಕೊಲೆಯನ್ನು ತಪ್ಪಿಸಿದ್ದು.

ಮುಂದಿನ ವರ್ಷ, 1939ರಲ್ಲಿ, ಬ್ಯಾಟ್‌ಮ್ಯಾನ್ ಬಂದ. ಅವನಿಗೆ ಇಂಥ ತಾಳ್ಮೆ ಇರಲಿಲ್ಲ. ಮೊದಲ ಕತೆಯಲ್ಲೇ ಒಬ್ಬ ಅಪರಾಧಿ ಅವನ ಏಟಿಗೆ ಆಸಿಡ್ ತೊಟ್ಟಿಗೆ ಬಿದ್ದು ಸಾಯುತ್ತಾನೆ. ಇಂಥವರಿಗೆ ಇದೇ ತಕ್ಕ ಸಾವು ಅಂತ ಒಂದು ಮಾತು ಹೇಳಿ ಇವನು ಮುಂದೆ ಹೋಗುತ್ತಾನೆ. 1940ರ ಒಂದು ಕತೆಯಲ್ಲಿ ವಿಮಾನದಿಂದ ಮೆಷಿನ್‌ಗನ್ನನ್ನೇ ಹಾರಿಸಿದ. ಆಗ ಸಂಪಾದಕ ವಿಟ್ನಿ ಎಲ್ಸ್‌ವರ್ತ್, ಇನ್ನು ಇವನ ಕೈಗೆ ಬಂದೂಕು ಕೊಡಬೇಡಿ, ಕೊಲ್ಲಿಸಬೇಡಿ ಅಂದ. ಈಗ ಜಗತ್ತೆಲ್ಲ ತತ್ವಜ್ಞಾನದ ಹಾಗೆ ಮಾತಾಡುವ 'ಬ್ಯಾಟ್‌ಮ್ಯಾನ್ ಕೊಲ್ಲುವುದಿಲ್ಲ' ಎಂಬ ನಿಯಮ ಹುಟ್ಟಿದ್ದು ಒಂದು ಆಫೀಸಿನಲ್ಲಿ. ಓದುವವರು ಮಕ್ಕಳು, ಪತ್ರಿಕೆ ಮಾರಾಟ ಆಗಬೇಕು. ಜೋಕರ್ ಬಂದದ್ದೂ ಆ ವರ್ಷವೇ. ಅವನನ್ನು ಮೊದಲ ಸಂಚಿಕೆಯಲ್ಲೇ ಸಾಯಿಸುವುದು ಅಂತ ಬರೆದವರು ಯೋಚಿಸಿದ್ದರು. ಇಷ್ಟು ಒಳ್ಳೆ ಖಳನನ್ನು ಕಳೆದುಕೊಳ್ಳುವುದು ಯಾಕೆ ಅಂತ ಅದೇ ಸಂಪಾದಕ ಕೊನೆಗೆ ಒಂದು ಚಿತ್ರ ಸೇರಿಸಲು ಹೇಳಿ ಬದುಕಿಸಿದ. ಅಂದಿನಿಂದ ಇಂದಿನವರೆಗೆ ಜೋಕರ್ ತಪ್ಪಿಸಿಕೊಂಡು ಬರುತ್ತಲೇ ಇದ್ದಾನೆ, ಜನರನ್ನು ಕೊಲ್ಲುತ್ತಲೇ ಇದ್ದಾನೆ. ಆ ಸಾವುಗಳಿಗೆ ಬ್ಯಾಟ್‌ಮ್ಯಾನ್ ಹೊಣೆಯಾ ಅಂತ ತಲೆ ಕೆಡಿಸಿಕೊಳ್ಳುವವರು ಆ ಸಂಪಾದಕನ ಮೇಜಿನ ಕಡೆಗೂ ಒಮ್ಮೆ ನೋಡಬೇಕು.

1954ರಲ್ಲಿ ಅಮೆರಿಕದ ಪ್ರಕಾಶಕರು ಸೇರಿ ಕಾಮಿಕ್ಸ್‌ಗೆ ಒಂದು ನೀತಿಸಂಹಿತೆ ಮಾಡಿಕೊಂಡರು. ಅದರಲ್ಲಿ ಒಂದು ಷರತ್ತು ಹೀಗಿತ್ತು: ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವ ಹಾಗೆ ಏನನ್ನೂ ತೋರಿಸಬಾರದು. ಇದನ್ನು ಓದಿದಾಗ ನನಗೆ ನಗು ಬಂತು. ಈ ಷರತ್ತು ನಮ್ಮಲ್ಲಿ ಇದ್ದಿದ್ದರೆ ಕೀಚಕವಧೆ ಪ್ರಸಂಗ ರಂಗ ಹತ್ತುತ್ತಲೇ ಇರಲಿಲ್ಲ. ಯಾಕೆಂದರೆ ಆ ಕತೆ ನಿಂತಿರುವುದೇ ವಿರಾಟನ ಸಭೆಯ ಮೇಲೆ.

ಆ ಸಭೆಯನ್ನು ನೆನಪು ಮಾಡಿಕೊಳ್ಳಿ. ಕೀಚಕ ಅಟ್ಟಿಸಿಕೊಂಡು ಬರುತ್ತಾನೆ, ದ್ರೌಪದಿ ಓಡಿ ರಾಜಸಭೆಗೆ ಬರುತ್ತಾಳೆ. ರಾಜನ ಕಣ್ಣೆದುರೇ ಅವನು ಅವಳ ಕೂದಲು ಹಿಡಿದು ಒದೆಯುತ್ತಾನೆ. ವಿರಾಟ ಏನೂ ಮಾಡುವುದಿಲ್ಲ. ಕೀಚಕ ಅವನ ಹೆಂಡತಿಯ ತಮ್ಮ, ಸೇನಾಪತಿ ಬೇರೆ. ಅವನನ್ನು ಎದುರು ಹಾಕಿಕೊಂಡರೆ ಸಿಂಹಾಸನ ಉಳಿಯುತ್ತದೆ ಎಂಬ ಧೈರ್ಯ ಇಲ್ಲ. ಧರ್ಮರಾಯ ಕಂಕಭಟ್ಟನ ವೇಷದಲ್ಲಿ ಅಲ್ಲೇ ಕೂತಿದ್ದಾನೆ. ಅಜ್ಞಾತವಾಸ ಮುರಿದರೆ ಮತ್ತೆ ಹನ್ನೆರಡು ವರ್ಷ ಕಾಡು. ಅವನೂ 'ಒಳಗೆ ಹೋಗು' ಅನ್ನುತ್ತಾನೆ. ದ್ರೌಪದಿ ದೂರು ಕೊಟ್ಟಳು, ನೋಡಬೇಕಾದವರೆಲ್ಲ ನೋಡಿದರು, ಕೇಸು ದಾಖಲಾಗಲಿಲ್ಲ. ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ.

ಜಗತ್ತಿನ ಯಾವ ಸೂಪರ್‌ಹೀರೋ ಕತೆ ತೆಗೆದುಕೊಳ್ಳಿ, ಹುಟ್ಟುವುದು ಇಂಥ ಒಂದು ಸಭೆಯಿಂದ. ಬ್ಯಾಟ್‌ಮ್ಯಾನ್‌ನ ಗಾಥಮ್ ನಗರದಲ್ಲಿ ಪೊಲೀಸರು ಲಂಚಕ್ಕೆ ಬಿದ್ದವರು. ಸರ್ಕಾರ, ಕೋರ್ಟು ಸರಿಯಾಗಿ ನಡೆಯುವ ಊರಿನಲ್ಲಿ ಅವನಿಗೆ ಕೆಲಸವೇ ಇರುವುದಿಲ್ಲ.

ನಮ್ಮ ಕಾನೂನು ಇದಕ್ಕೆ ಏನು ಹೇಳುತ್ತದೆ ಅಂತ ನೋಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿಗೆ ಸೇರಿದ್ದು. ಹಳೆಯ ದಂಡಸಂಹಿತೆಯಲ್ಲಿದ್ದದ್ದೇ, ನಂಬರ್ ಬದಲಾಗಿದೆ. ಅತ್ಯಾಚಾರಕ್ಕೆ ಮುಂದಾದವನನ್ನು ತಡೆಯುವಾಗ ಅವನ ಜೀವ ಹೋದರೂ ಅದು ಅಪರಾಧ ಅಲ್ಲ ಎನ್ನುತ್ತದೆ 38ನೇ ಸೆಕ್ಷನ್. ತನಗೆ ಮಾತ್ರ ಅಲ್ಲ, ಇನ್ನೊಬ್ಬರ ರಕ್ಷಣೆಗೂ ಈ ಹಕ್ಕು ಇದೆ. ಆದರೆ 37ನೇ ಸೆಕ್ಷನ್ ಎರಡು ಕಟ್ಟು ಹಾಕುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡಬಾರದು. ಸರ್ಕಾರದ ರಕ್ಷಣೆ ಕೇಳಲು ಸಮಯ ಇದ್ದರೆ ಈ ಹಕ್ಕು ಸಿಗುವುದಿಲ್ಲ.

ಭೀಮನನ್ನು ಈ ಕಟಕಟೆಯಲ್ಲಿ ನಿಲ್ಲಿಸಿದರೆ ಅವನು ಗೆಲ್ಲುವುದು ಕಷ್ಟ. ಕೀಚಕನನ್ನು ನಾಟ್ಯಶಾಲೆಗೆ ಸುಳ್ಳು ಹೇಳಿ ಕರೆಸಿದ್ದಾರೆ. ಕತ್ತಲಲ್ಲಿ ಕಾದು ಕೂತು ಕೊಂದಿದ್ದಾನೆ. ಇದು ಆತ್ಮರಕ್ಷಣೆ ಅಲ್ಲ, ಸಂಚು. ಆದರೆ ದ್ರೌಪದಿಯ ಕಡೆಯ ವಕೀಲ ಎದ್ದು ನಿಂತು 'ಸ್ವಾಮಿ, ನಮ್ಮವರು ಸರ್ಕಾರದ ಹತ್ತಿರ ಹೋಗಿದ್ದರು, ಸರ್ಕಾರ ಕಣ್ಣು ಮುಚ್ಚಿಕೊಂಡಿತ್ತು' ಅಂದರೆ ಜಡ್ಜ್ ಸಾಹೇಬರು ಏನು ಬರೆಯಬೇಕು? ಕಾನೂನು ಹೇಳಿದ ದಾರಿಯಲ್ಲಿ ಹೋಗಿ ಗೋಡೆಗೆ ತಲೆ ಹೊಡೆದುಕೊಂಡವಳು ಅವಳು. ಈ ಜಾಗದಲ್ಲಿ ನನಗೆ ಭೀಮನ ಮೇಲೆ ಸಿಟ್ಟು ಬರುವುದಿಲ್ಲ. ವಿರಾಟನ ಮೇಲೆ ಬರುತ್ತದೆ.

ಕತೆ ಅಲ್ಲಿಗೆ ಮುಗಿದಿದ್ದರೆ ನಾನೂ ಎದ್ದು ಮನೆಗೆ ಹೋಗುತ್ತಿದ್ದೆ. ಮುಗಿಯುವುದಿಲ್ಲ. ಕೀಚಕನ ತಮ್ಮಂದಿರು, ಉಪಕೀಚಕರು, ಸೇಡಿಗೆ ದ್ರೌಪದಿಯನ್ನೇ ಚಟ್ಟಕ್ಕೆ ಕಟ್ಟಿ ಅಣ್ಣನ ಜೊತೆ ಸುಡಲು ಹೊರಡುತ್ತಾರೆ. ಭೀಮ ಮರ ಕಿತ್ತುಕೊಂಡು ಹೋಗಿ ಆ 105 ಜನರನ್ನೂ ಮುಗಿಸಬೇಕಾಗುತ್ತದೆ. ಊರಿನ ಜನ ಹೆದರಿ ಇವಳು ಇಲ್ಲಿಂದ ಹೋದರೆ ಸಾಕು ಅನ್ನುತ್ತಾರೆ. ಕೀಚಕನಂಥವನನ್ನು ಬರಿಗೈಯಲ್ಲಿ ಕೊಲ್ಲುವವರು ಎಷ್ಟು ಜನ ಇದ್ದಾರು ಅಂತ ಹಸ್ತಿನಾವತಿಯಲ್ಲಿ ಲೆಕ್ಕ ಹಾಕುತ್ತಾರೆ. ಸೇನಾಪತಿ ಇಲ್ಲದ ರಾಜ್ಯದ ಮೇಲೆ ದನ ಹೊಡೆಯಲು ಎರಡು ದಿಕ್ಕಿನಿಂದ ಸೈನ್ಯ ಬರುತ್ತದೆ. ಮಳೆಗಾಗಿ ವಿರಾಟಪರ್ವ ಓದಿಸುವವರು ನಮ್ಮಲ್ಲಿ ಇದ್ದಾರೆ. ಮಳೆ ಬರಲಿ, ಬಿಡಲಿ, ಓದಿಸಿದವರಿಗೆ ಇಷ್ಟಂತೂ ಗೊತ್ತಾಗುತ್ತದೆ: ನ್ಯಾಯವಾದ ಕೊಲೆಗೂ ಬಾಲ ಇರುತ್ತದೆ, ಅದು ಎಲ್ಲಿಯವರೆಗೆ ಹೋಗುತ್ತದೆ ಅಂತ ಕೊಂದವನಿಗೇ ಗೊತ್ತಿರುವುದಿಲ್ಲ.

ಇದೆಲ್ಲ ಪುರಾಣ, ಕಾಮಿಕ್ಸ್ ಅಂತ ತಳ್ಳಿಹಾಕುವ ಹಾಗಿಲ್ಲ. 2019ರ ನವೆಂಬರ್ ಕೊನೆಯಲ್ಲಿ ಹೈದರಾಬಾದ್ ಹತ್ತಿರ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಮಾಡಿ ಕೊಂದರು. ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರು ಆರೋಪಿಗಳೂ ಪೊಲೀಸರ ಗುಂಡಿಗೆ ಸತ್ತರು. ಅವತ್ತು ಜನ ಪೊಲೀಸರ ಮೇಲೆ ಹೂವು ಸುರಿದರು. ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಬೆಳಗ್ಗೆ ಕೈ ಮುಗಿದ ಚಿತ್ರಗಳ ಮಳೆ. 'ರಿಯಲ್ ಹೀರೋ' ಅಂತ ಬರೆದವರೇ ಜಾಸ್ತಿ. ಆಮೇಲೆ ಸುಪ್ರೀಂ ಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಸಿರ್ಪುರ್‌ಕರ್ ಅವರ ಆಯೋಗ ವಿಚಾರಣೆ ಮಾಡಿತು. ಆರೋಪಿಗಳು ಬಂದೂಕು ಕಸಿದುಕೊಂಡು ಓಡಿದರು ಎಂಬ ಕತೆ ನಂಬುವ ಹಾಗಿಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಎಂದಿತು. 10 ಪೊಲೀಸರ ಮೇಲೆ ಕೊಲೆ ಕೇಸು ನಡೆಸಬೇಕು ಎಂದಿತು. ಸತ್ತ ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತರು ಎಂದೂ ಹೇಳಿತು. ವರದಿ ಹೊರಗೆ ಬಂದದ್ದು 2022ರ ಮೇ ತಿಂಗಳಲ್ಲಿ. ಅದು ನಮ್ಮ ಗುಂಪಿಗೆ ಯಾರೂ ಹಾಕಲಿಲ್ಲ.

ಎನ್‌ಕೌಂಟರ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲೇ 16 ಮಾರ್ಗಸೂಚಿ ಕೊಟ್ಟಿದೆ. ಎಫ್‌ಐಆರ್ ಆಗಬೇಕು, ಬೇರೆ ತಂಡ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಮಾತು: ಎನ್‌ಕೌಂಟರ್ ಆದ ಕೂಡಲೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡಬಾರದು. ಅಂದರೆ ಚಪ್ಪಾಳೆಗೆ ಸ್ವಲ್ಪ ತಡೆ ಹಾಕಿ, ಮೊದಲು ಕೇಳುವುದು ಮುಗಿಯಲಿ ಅಂತ. ಮಾಣಿ ಕೇಳಿದ್ದೂ ಅದನ್ನೇ ಅಲ್ವಾ?

ಕಾರವಾರದ ಟಾಗೋರ್ ಬೀಚಿಗೆ ಬಂದವರು ಚಪಲ್ ಯುದ್ಧನೌಕೆ ನೋಡದೆ ಹೋಗುವುದಿಲ್ಲ. ಕ್ಷಿಪಣಿ ಹಾರಿಸುತ್ತಿದ್ದ ಹಡಗು, ಈಗ ಮರಳಿನ ಮೇಲೆ ಮ್ಯೂಸಿಯಂ ಆಗಿ ಕೂತಿದೆ. ಮಾಣಿಗೆ ಒಳಗೆ ಹೋದರೆ ಹೊರಗೆ ಬರುವ ಮನಸ್ಸಿಲ್ಲ. ಬಟನ್ ಎಲ್ಲಿ, ಯಾರು ಒತ್ತುವುದು ಅಂತ ಎಲ್ಲ ಕಡೆ ಹುಡುಕುತ್ತಾನೆ. ಇಂಥ ಒಂದು ಹಡಗಿಗೆ ಇದ್ದ ಶಕ್ತಿ ಎಷ್ಟೋ ಸೂಪರ್‌ಹೀರೋಗಳಿಗೂ ಇಲ್ಲ. ಆದರೆ ಬಟನ್ ಮೇಲೆ ಬೆರಳು ಇಟ್ಟವನಿಗೆ ಮೇಲೊಬ್ಬ ಅಧಿಕಾರಿ, ಆ ಅಧಿಕಾರಿಗೆ ಮೇಲೆ ಇನ್ನೊಬ್ಬ, ಎಲ್ಲರ ಮೇಲೆ 1957ರ ನೌಕಾಪಡೆ ಕಾಯ್ದೆ. ಆದೇಶ ಮೀರಿದರೆ ಕೋರ್ಟ್ ಮಾರ್ಷಲ್. ಇದರಿಂದ ಎಲ್ಲವೂ ಸರಿ ಇರುತ್ತದೆ ಅಂತಲ್ಲ. ಹೈದರಾಬಾದಿನಲ್ಲೂ ಮೇಲಧಿಕಾರಿಗಳು ಇದ್ದರು. ಆದರೂ ಕೇಳಲು ಒಂದು ಜಾಗ ಇತ್ತು, ತಡವಾಗಿಯಾದರೂ ಆಯೋಗ ಕೇಳಿತು. ಹಾರಿ ಬಂದು ಹೊಡೆದು ಹಾರಿಹೋಗುವವನನ್ನು ಎಲ್ಲಿ ಕರೆದು ಕೇಳುವುದು?

ಕೇಳುವ ಜಾಗ ಅಂದರೆ ಹೇಗಿರಬೇಕು ಅಂತ ನೋಡಬೇಕಾದರೆ ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ಬನ್ನಿ. ಆಟ ನಿಂತಿರುತ್ತದೆ, ತಾಳಮದ್ದಲೆ ಶುರುವಾಗಿರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ದೇವಸ್ಥಾನದ ಪೌಳಿಯಲ್ಲೋ ಯಾರದೋ ಮನೆಯ ಜಗುಲಿಯಲ್ಲೋ ಪಂಚೆ ಉಟ್ಟು, ಶಾಲು ಹೊದ್ದು ಎದುರುಬದುರು ಕೂತು ಪಾತ್ರಗಳ ಮಾತು ಆಡುವ ಅರ್ಥಧಾರಿಗಳು. ವಾಲಿವಧೆ ಪ್ರಸಂಗ ಇಟ್ಟರೆ ಬಾಣ ಬಿಡುವುದು ಒಂದು ಪದದಲ್ಲಿ ಮುಗಿದುಹೋಗುತ್ತದೆ. ಜನ ಕಾಯುವುದು ಆಮೇಲಿನದಕ್ಕೆ. ಎದೆಗೆ ಬಾಣ ನೆಟ್ಟ ವಾಲಿ ಸಾಯುವ ಮೊದಲು ರಾಮನನ್ನು ಕೇಳಲು ಶುರುಮಾಡುತ್ತಾನೆ. ಗಂಟೆಗಟ್ಟಲೆ ಕೇಳುತ್ತಾನೆ.

ನಾನು ಬೇರೆಯವನ ಜೊತೆ ಹೋರಾಡುತ್ತಿದ್ದೆ, ನೀನು ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನಿನ್ನ ರಾಜ್ಯಕ್ಕೆ ಬಂದು ನಾನು ಏನು ಹಾಳು ಮಾಡಿದ್ದೆ? ಸೀತೆಗಾಗಿ ಆದರೆ ನನ್ನ ಹತ್ತಿರವೇ ಬರಬಹುದಿತ್ತಲ್ಲ, ಒಂದೇ ದಿನದಲ್ಲಿ ತಂದುಕೊಡುತ್ತಿದ್ದೆ. ಇವೆಲ್ಲ ವಾಲ್ಮೀಕಿಯಲ್ಲೇ ಇರುವ ಪ್ರಶ್ನೆಗಳು. ರಾಮ ಉತ್ತರ ಕೊಡುತ್ತಾನೆ. ಈ ಭೂಮಿಯೆಲ್ಲ ಇಕ್ಷ್ವಾಕುಗಳದ್ದು, ಭರತ ರಾಜ, ನಾನು ಅವನ ಪರವಾಗಿ ಶಿಕ್ಷೆ ಕೊಟ್ಟಿದ್ದೇನೆ. ನೀನು ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ. ಕೊನೆಗೆ ಇನ್ನೊಂದು ಮಾತು: ನೀನು ಮರದ ಮೇಲಿರುವ ಮೃಗ, ಬೇಟೆಗಾರ ಮೃಗವನ್ನು ಮರೆಯಲ್ಲಿ ನಿಂತೇ ಹೊಡೆಯುವುದು.

ಈ ಕೊನೆಯ ಮಾತು ಬಂದಾಗ ನಮ್ಮ ಕಡೆಯ ಯಾವ ವಾಲಿಯೂ ಸುಮ್ಮನೆ ಬಿಡುವುದಿಲ್ಲ. 'ಮೃಗಕ್ಕೆ ಧರ್ಮಶಾಸ್ತ್ರ ಹೇಳಿ ಶಿಕ್ಷೆ ಕೊಡುತ್ತಾರಾ? ನಾನು ಮೃಗ ಆದರೆ ತಮ್ಮನ ಹೆಂಡತಿಯ ವಿಚಾರ ಯಾಕೆ ಎತ್ತಿದೆ?' ಅಂತ ಹಿಡಿದುಕೊಳ್ಳುತ್ತಾನೆ. ಸಭೆಯಲ್ಲಿ ಕೂತವರು ರಾಮಭಕ್ತರೇ, ಆದರೂ ವಾಲಿಯ ಈ ಮಾತಿಗೆ ತಲೆದೂಗುತ್ತಾರೆ. ಸಿನಿಮಾದವರು ಶತ್ರುವನ್ನು ರೋಬೋಟ್ ಮಾಡುವುದರ ಗುಟ್ಟು ಇಲ್ಲೇ ಇದೆ. ಎದುರಿನವನು ಮನುಷ್ಯನೇ ಅಲ್ಲ ಅಂತ ಮೊದಲು ತೀರ್ಮಾನ ಮಾಡಿಬಿಟ್ಟರೆ ಯಾಕೆ ಕೊಂದೆ ಅನ್ನುವ ಪ್ರಶ್ನೆ ಬರುವುದಿಲ್ಲ. ರಾಮನೂ ಅದನ್ನೇ ಹೇಳಿನೋಡಿದ. ತಾಳಮದ್ದಲೆಯಲ್ಲಿ ಅದು ನಡೆಯಲಿಲ್ಲ, ಯಾಕೆಂದರೆ ಅಲ್ಲಿ ಮೃಗಕ್ಕೂ ಮಾತು ಇದೆ.

ಸಿನಿಮಾದವರಿಗೆ ಇದು ಹೊಳೆದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 2016ರಲ್ಲಿ ಬಂದ ಕ್ಯಾಪ್ಟನ್ ಅಮೆರಿಕ ಸಿನಿಮಾದಲ್ಲಿ ಒಂದು ಸಣ್ಣ ದೃಶ್ಯ ಇದೆ. ಸೂಪರ್‌ಹೀರೋಗಳಲ್ಲಿ ಒಬ್ಬನಾದ ಟೋನಿ ಸ್ಟಾರ್ಕ್ ಒಂದು ಕಾರ್ಯಕ್ರಮ ಮುಗಿಸಿ ಬರುತ್ತಿದ್ದಾನೆ. ಲಿಫ್ಟ್ ಹತ್ತಿರ ಒಬ್ಬ ತಾಯಿ ನಿಂತಿದ್ದಾಳೆ. ಇವರೆಲ್ಲ ಜಗತ್ತು ಉಳಿಸಿದ ಯುದ್ಧದಲ್ಲಿ ಅವಳ ಮಗ ಸತ್ತಿದ್ದಾನೆ. ಮಗನ ಫೋಟೋ ಅವನ ಕೈಗೆ ಕೊಟ್ಟು, ನೀನೇ ಹೊಣೆ ಅನ್ನುತ್ತಾಳೆ. ಅವನು ಉತ್ತರ ಹೇಳಲಾರದೆ ನಿಲ್ಲುತ್ತಾನೆ. ವಾಲಿ ಆ ಸಿನಿಮಾಕ್ಕೆ ತಾಯಿಯ ರೂಪದಲ್ಲಿ ಬಂದಿದ್ದಾನೆ ಅನ್ನಿಸಿತು ನನಗೆ. ಆಮೇಲೆ 117 ದೇಶಗಳು ಸೇರಿ ಒಂದು ಒಪ್ಪಂದ ತರುತ್ತವೆ: ಸೂಪರ್‌ಹೀರೋಗಳು ವಿಶ್ವಸಂಸ್ಥೆಯ ಸಮಿತಿ ಹೇಳಿದಲ್ಲಿ ಮಾತ್ರ ಹೋಗಬೇಕು. ಟೋನಿ ಸಹಿ ಹಾಕುತ್ತಾನೆ. ಕ್ಯಾಪ್ಟನ್ ಒಪ್ಪುವುದಿಲ್ಲ. ಸಮಿತಿಯಲ್ಲಿ ಇರುವವರೂ ಮನುಷ್ಯರೇ, ಅವರಿಗೂ ಸ್ವಾರ್ಥ ಇರುತ್ತದೆ, ಹೋಗಬೇಕಾದಲ್ಲಿ ಹೋಗಲು ಬಿಡದಿದ್ದರೆ ಏನು ಮಾಡುವುದು ಅನ್ನುವುದು ಅವನ ವಾದ. ವಿರಾಟನ ಸಭೆ ನೋಡಿದವರು ಈ ಮಾತನ್ನು ತೆಗೆದುಹಾಕಲು ಸಾಧ್ಯವಿಲ್ಲ. ಎರಡೂ ಕಡೆ ಅರ್ಥ ಇದೆ, ಒಂದು ರಾತ್ರಿ ಪೂರ್ತಿ ವಾದ ಮಾಡಬಹುದು. ಅಷ್ಟರಲ್ಲಿ ಎಲ್ಲರೂ ವಿಮಾನ ನಿಲ್ದಾಣದಲ್ಲಿ ಬಡಿದಾಡಲು ಶುರುಮಾಡುತ್ತಾರೆ. ಆ ತಾಯಿ ಮತ್ತೆ ಕಾಣುವುದೇ ಇಲ್ಲ.

ಒಂದು ವಿಷಯವನ್ನು ಈ ವಾದಗಳಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಶಕ್ತಿ ಇದ್ದವನು ಉಳಿಸಲು ಕೈ ಚಾಚಿದರೂ ಜೀವ ಹೋಗಬಹುದು. 1973ರ ಒಂದು ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಖಳ ಅವನ ಗೆಳತಿ ಗ್ವೆನ್‌ಳನ್ನು ಸೇತುವೆಯಿಂದ ತಳ್ಳುತ್ತಾನೆ. ಇವನು ಮೇಲಿನಿಂದ ಜೇಡರ ಬಲೆ ಎಸೆದು ಅವಳ ಕಾಲು ಹಿಡಿಯುತ್ತಾನೆ. ಗೆದ್ದೆ ಅಂದುಕೊಂಡು ಎಳೆಯುತ್ತಾನೆ. ಆ ಚಿತ್ರದಲ್ಲಿ ಅವಳ ಕತ್ತಿನ ಪಕ್ಕ ಚಿಕ್ಕ ಅಕ್ಷರದಲ್ಲಿ 'ಲಟಕ್' ಅನ್ನುವಂಥ ಒಂದು ಸದ್ದು ಬರೆದಿದೆ. ಬೀಳುತ್ತಿದ್ದವಳನ್ನು ಒಮ್ಮೆಲೇ ತಡೆದದ್ದೇ ಕತ್ತು ಮುರಿಯಲು ಕಾರಣ ಅಂತ ಆಮೇಲೆ ಓದುಗರ ಪತ್ರಗಳ ಪುಟದಲ್ಲಿ ಸಂಪಾದಕರು ಒಪ್ಪಿಕೊಂಡರು. 2024ರ ಆಗಸ್ಟ್ 7ರ ರಾತ್ರಿ ಒಂದು ಗಂಟೆ ಹೊತ್ತಿಗೆ ನಮ್ಮ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಜೀವಂತ ಮೇಲೆ ತಂದವರು ನಮ್ಮ ಮೀನುಗಾರರು, ಪೊಲೀಸರು. ಕತ್ತಲು, ಮಳೆಗಾಲದ ಹೊಳೆ. ಆ ನೀರಿನ ಸೆಳೆತ ಎಲ್ಲಿ ಹೇಗೆ ಅಂತ ಮೀನುಗಾರರಿಗೆ ಗೊತ್ತು, ದೋಣಿಯನ್ನು ಎಷ್ಟು ಹತ್ತಿರ ಒಯ್ಯಬೇಕು ಅಂತ ಗೊತ್ತು. ಅಂಥವರ ಸಾಹಸದ ಸಿನಿಮಾ ಯಾರೂ ತೆಗೆಯುವುದಿಲ್ಲ, ತೆಗೆದರೂ ಕೊನೆಗೆ ಒಬ್ಬ ಖಳನನ್ನು ತಂದು ಹೊಡೆದಾಟ ಸೇರಿಸುತ್ತಾರೆ.

ಈಚೆಗೆ ಸಿದ್ದಾಪುರಕ್ಕೆ ಹೋದಾಗ ಭಾವನ ಹತ್ತಿರ ಇದನ್ನೆಲ್ಲ ಹೇಳುತ್ತಿದ್ದೆ. ಭಾವ ಅಡಿಕೆ ತೋಟದವನು, ಮಳೆಗಾಲದಲ್ಲಿ ಹವ್ಯಾಸಕ್ಕೆ ಅರ್ಥ ಹೇಳುತ್ತಾನೆ. ಸೂಪರ್‌ಹೀರೋ ಸಿನಿಮಾ ಅವನು ನೋಡುವುದಿಲ್ಲ, ಮಗ ನೋಡುವಾಗ ಅರ್ಧಂಬರ್ಧ ಕಿವಿಗೆ ಬಿದ್ದಷ್ಟೇ. ನಾನು ಥಾನೋಸ್‌ನ ಕತೆ ಹೇಳಿದೆ. 2019ರ ಸಿನಿಮಾದಲ್ಲಿ ಬರುವುದು. ಜಗತ್ತಿನ ಅರ್ಧ ಜೀವಿಗಳನ್ನು ಒಂದು ಚಿಟಿಕೆಯಲ್ಲಿ ಬೂದಿ ಮಾಡಿದವನು. ಹೀರೋಗಳು ಹುಡುಕಿಕೊಂಡು ಹೋದಾಗ ಅವನು ಎಲ್ಲೋ ಒಂದು ಗ್ರಹದಲ್ಲಿ ತೋಟ ಮಾಡಿಕೊಂಡಿದ್ದಾನೆ. ಮೈ ಅರ್ಧ ಸುಟ್ಟಿದೆ. ಶಕ್ತಿ ಕೊಡುತ್ತಿದ್ದ ಮಣಿಗಳನ್ನು ತಾನೇ ಪುಡಿ ಮಾಡಿದ್ದಾನೆ. ಕೈ ಕತ್ತರಿಸಿ ನೆಲಕ್ಕೆ ಕೆಡವಿ ಆಗಿದೆ. ಇನ್ನು ಅವನಿಂದ ಯಾರಿಗೂ ಏನೂ ಆಗುವ ಹಾಗಿಲ್ಲ. ಸತ್ತವರು ವಾಪಸ್ ಬರುವುದೂ ಇಲ್ಲ. ಆಗ ಆ ಹೀರೋಗಳಲ್ಲಿ ಒಬ್ಬನಾದ ಥೋರ್ ಕೊಡಲಿ ಬೀಸಿ ತಲೆ ಹಾರಿಸುತ್ತಾನೆ.

ಭಾವ ಕೂಡಲೇ "ಅಶ್ವತ್ಥಾಮ" ಅಂದ.

ಹೌದು, ಅದೇ ಜಾಗ. ರಾತ್ರಿ ಪಾಳಯಕ್ಕೆ ನುಗ್ಗಿ ಮಲಗಿದ್ದ ದ್ರೌಪದಿಯ ಐದು ಮಕ್ಕಳನ್ನು ಕೊಂದವನು. ಅವನಿಗಿಂತ ದೊಡ್ಡ ಪಾಪಿ ಇಡೀ ಮಹಾಭಾರತದಲ್ಲಿ ಇಲ್ಲ. ಅವನ ಹಣೆಯ ಮಣಿ ಕಿತ್ತುಕೊಂಡರು, ಜೀವ ಬಿಟ್ಟರು. ಭಾಗವತದ ಕತೆಯಲ್ಲಂತೂ ಬಿಡಿಸಿದ್ದು ದ್ರೌಪದಿಯೇ. ನಾನು ಅತ್ತ ಹಾಗೆ ಇವನ ತಾಯಿ ಅಳುವುದು ಬೇಡ ಅಂದಳು. ಕೀಚಕನನ್ನು ಕೊಲ್ಲಿಸಿದವಳೂ ಅವಳೇ, ನೆನಪಿರಲಿ. ಅಲ್ಲಿ ನಾಳೆ ಮತ್ತೆ ಬಂದು ಮೈಮೇಲೆ ಬೀಳುವ ಕೀಚಕ ಇದ್ದ. ಇಲ್ಲಿ ಮಣಿ ಹೋದ ಅಶ್ವತ್ಥಾಮ. ಎರಡನ್ನೂ ಅವಳು ಒಂದೇ ತಕ್ಕಡಿಗೆ ಹಾಕಲಿಲ್ಲ.

"ಇದನ್ನ ಒಂದು ಪ್ರಸಂಗ ಮಾಡಕ್ಕು" ಅಂದ ಭಾವ. "ಥಾನೋಸ್ ಆದ್ರೆ ಆನು ಮಾಡ್ತೆ. ಆ ಕೊಡಲಿಯಂವ ನಿಂದು."

ಒಳ್ಳೆ ಪಾತ್ರ ತಾನು ಇಟ್ಟುಕೊಂಡು ಕಷ್ಟದ್ದು ನನಗೆ ಕೊಟ್ಟ. ಅರ್ಥಧಾರಿಗಳ ಬುದ್ಧಿಯೇ ಇದು, ವಾಲಿ ಎಲ್ಲರಿಗೂ ಬೇಕು, ರಾಮ ಯಾರಿಗೂ ಬೇಡ. ಆದರೂ ನೋಡೋಣ ಅಂತ ಜಗುಲಿಯಲ್ಲೇ ಶುರುಮಾಡಿದೆ. ಅರ್ಧ ಜಗತ್ತನ್ನು ಕೊಂದವನಿಗೆ ಬದುಕುವ ಹಕ್ಕು ಎಲ್ಲಿದೆ ಅಂದೆ. ಮೊದಲ ಸಲ ಸಿಕ್ಕಾಗಲೇ ನಿನ್ನ ತಲೆಗೆ ಹೊಡೆಯಬೇಕಿತ್ತು, ಎದೆಗೆ ಹೊಡೆದು ತಪ್ಪಿದೆ, ಆ ಬಾಕಿ ಈಗ ತೀರಿಸಿದ್ದೇನೆ ಅಂದೆ. ಭಾವ ಇದನ್ನು ಬೆರಳಲ್ಲಿ ಕೊಡವಿಹಾಕಿದ. ಬಾಕಿ ನಿನ್ನದು, ಅದಕ್ಕೆ ನನ್ನ ತಲೆ ಯಾಕೆ ಅಂದ. ಕೊನೆಗೆ ನನ್ನ ಹತ್ತಿರ ಇದ್ದ ಗಟ್ಟಿ ಮಾತು ತೆಗೆದೆ. ನಿನ್ನಂಥವನನ್ನು ವಿಚಾರಣೆ ಮಾಡಲು ಈ ಬ್ರಹ್ಮಾಂಡದಲ್ಲಿ ಯಾವ ನ್ಯಾಯಸ್ಥಾನ ಇತ್ತು, ಯಾರ ಮುಂದೆ ನಿಲ್ಲಿಸಬೇಕಿತ್ತು, ಹೇಳು?

ಭಾವ ಬೆನ್ನು ನೆಟ್ಟಗೆ ಮಾಡಿ ಕೂತ. "ಅಯ್ಯಾ, ನಿನ್ನ ಸುತ್ತ ಅಷ್ಟು ಜನ ವೀರರು ನಿಂತಿದ್ದರಲ್ಲ. ಕೊಡಲಿ ಎತ್ತಿದ್ದನ್ನು ಎಲ್ಲರೂ ಕಂಡರು. ತಡೆ ಎಂದು ಒಬ್ಬನಾದರೂ ಅಂದನೇ?"

ಅವರಿಗೂ ಸಿಟ್ಟಿತ್ತು ಅಂತ ನಾನು ಬಾಯಿ ತೆಗೆದೆ. ಭಾವ ಕೈ ಅಡ್ಡ ಹಿಡಿದ. "ತಡಿ, ಒಂದು ಕವಳ ಹಾಕ್ಯಂಡು ಬತ್ತೆ. ನೀ ಅಷ್ಟ್ರೊಳಗೆ ಇದಕ್ಕೆ ಎಂತಾದ್ರೂ ಹುಡುಕು."